ದೈತ್ಯರ ಕಾಳಗಕ್ಕೆ ಬಿದ್ದ ಕತ್ತರಿ

ಟೋಕಿಯೊದ ಔಷಧ ಕಂಪೆನಿಯೊಂದರ ಜಾಹೀರಾತು ವಿಭಾಗದ ಮುಖ್ಯಸ್ಥ ಟಾಕೊಗೆ ನೆಮ್ಮದಿ ಇಲ್ಲ. ಕಂಪೆನಿ ಹಣ ಸುರಿದು ನಡೆಸುತ್ತಿರುವ ಟೆಲಿವಿಷನ್ ವಿಜ್ಞಾನ ಕಾರ್ಯಕ್ರಮವನ್ನು ಯಾರೂ ನೋಡುತ್ತಿಲ್ಲ. ಅಷ್ಟರಲ್ಲಿ ದಕ್ಷಿಣ ಸಮುದ್ರದ ಫಾರೋ ಎಂಬ ದ್ವೀಪದಲ್ಲಿ ಮತ್ತು ಬರಿಸುವ ಕೆಂಪು ಹಣ್ಣು ಇದೆ, ಅದರ ಜೊತೆಗೆ ಒಂದು ದೈತ್ಯ ಪ್ರಾಣಿಯೂ ಇದೆ ಎಂಬ ಸುದ್ದಿ ಅವನ ಕಿವಿಗೆ ಬೀಳುತ್ತದೆ. ಹಣ್ಣಿಗಿಂತ ದೈತ್ಯನ ಮೇಲೆ ಅವನ ಕಣ್ಣು. ಇಬ್ಬರು ನೌಕರರನ್ನು ದ್ವೀಪಕ್ಕೆ ಅಟ್ಟುತ್ತಾನೆ: ಅದನ್ನು ಹಿಡಿದು ತನ್ನಿ, ಕಂಪೆನಿಯ ಪ್ರಚಾರಕ್ಕೆ ಬೇಕು!

ಜಪಾನಿನ ತೋಹೊ ಸಂಸ್ಥೆ 1962ರ ಆಗಸ್ಟ್ 11ರಂದು ಬಿಡುಗಡೆ ಮಾಡಿದ ‘ಕಿಂಗ್ ಕಾಂಗ್ ವಿರುದ್ಧ ಗಾಡ್ಜಿಲ್ಲಾ’ ಚಿತ್ರ ಶುರುವಾಗುವುದು ಹೀಗೆ. ಹಿಡಿದು ತರಬೇಕಾದ ಪ್ರಾಣಿ ಕಿಂಗ್ ಕಾಂಗ್ ಎಂಬ ಮಹಾವಾನರ. ಅದೇ ಹೊತ್ತಿಗೆ ಉತ್ತರದ ಹಿಮಗಡ್ಡೆಯೊಂದನ್ನು ಒಡೆದುಕೊಂಡು ಗಾಡ್ಜಿಲ್ಲಾ ಹೊರಬಂದು ಜಪಾನಿನತ್ತ ಹೊರಡುತ್ತಾನೆ. ಮುಂದಿನದನ್ನು ಊಹಿಸಲು ಯಾವ ಪಾಂಡಿತ್ಯವೂ ಬೇಡ. ಫ್ಯೂಜಿ ಪರ್ವತದ ತಪ್ಪಲಲ್ಲಿ ಇಬ್ಬರೂ ಬಂಡೆ ಎತ್ತಿ ಎಸೆದಾಡುತ್ತಾರೆ, ಆತಾಮಿ ಕೋಟೆಯನ್ನು ನಡುವೆ ಹಾಕಿಕೊಂಡು ಪುಡಿಗಟ್ಟುತ್ತಾರೆ, ಕೊನೆಗೆ ಒಬ್ಬರನ್ನೊಬ್ಬರು ತಬ್ಬಿಕೊಂಡೇ ಸಮುದ್ರಕ್ಕೆ ಉರುಳುತ್ತಾರೆ.

ಒಂದು ಕೋಟಿಗೂ ಹೆಚ್ಚು ಜಪಾನೀಯರು ಟಿಕೆಟ್ ಕೊಂಡು ಈ ಚಿತ್ರ ನೋಡಿದರು. ಗಾಡ್ಜಿಲ್ಲಾ ಸರಣಿಯ ಯಾವ ಚಿತ್ರಕ್ಕೂ ಜಪಾನಿನ ಚಿತ್ರಮಂದಿರಗಳಲ್ಲಿ ಅಷ್ಟು ಜನ ಬಂದದ್ದಿಲ್ಲ. ಆದರೂ ಸುಮಾರು ಅರ್ಧ ಶತಮಾನ ಕಾಲ ಈ ಚಿತ್ರವನ್ನು ಅದು ಬಿಡುಗಡೆಯಾದ ರೂಪದಲ್ಲಿ, ಮೊದಲಿನಿಂದ ಕೊನೆಯವರೆಗೆ ಒಂದೇ ಹದದ ಚಿತ್ರಿಕೆಯಲ್ಲಿ ನೋಡುವುದು ಸಾಧ್ಯವಿರಲಿಲ್ಲ. ಬೆಂಕಿ ಬಿದ್ದಿರಲಿಲ್ಲ, ಯುದ್ಧ ನಡೆದಿರಲಿಲ್ಲ, ಕಳ್ಳತನವೂ ಆಗಿರಲಿಲ್ಲ. ಚಿತ್ರದ ಮೂಲ ನೆಗೆಟಿವ್‌ಗೆ ಕತ್ತರಿ ಹಾಕಿದ್ದು ಅದನ್ನು ತಯಾರಿಸಿದ ಸಂಸ್ಥೆಯೇ. ಕತ್ತರಿ ಹಿಡಿದು ಕೂತವರು ಅದರ ನಿರ್ದೇಶಕರೇ.

ಎರಡು ದೈತ್ಯರು, ಒಂದು ಒಪ್ಪಂದ

ಗಾಡ್ಜಿಲ್ಲಾ ಹುಟ್ಟಿದ್ದು 1954ರಲ್ಲಿ. ಆ ವರ್ಷದ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬ್ ಸ್ಫೋಟಿಸಿದಾಗ ಅದರ ಬೂದಿ ‘ಐದನೇ ಫುಕುರ್ಯು ಮಾರು’ ಎಂಬ ಜಪಾನಿ ಮೀನುಗಾರಿಕಾ ಹಡಗಿನ 23 ಮಂದಿಯ ಮೇಲೆ ಉದುರಿತು. ಆರು ತಿಂಗಳ ನಂತರ ಅವರಲ್ಲೊಬ್ಬರು ಸತ್ತರು. ಅದೇ ವರ್ಷ ನವೆಂಬರ್ 3ರಂದು ತೆರೆಗೆ ಬಂದ ಮೊದಲ ಗಾಡ್ಜಿಲ್ಲಾ ಚಿತ್ರ ಕಪ್ಪು ಬಿಳುಪಿನದು, ನಗುವಿಗೆ ಎಡೆ ಇಲ್ಲದ್ದು. ಬಾಂಬ್ ಪರೀಕ್ಷೆಯಿಂದ ಕೆರಳಿ ಎದ್ದ ಪ್ರಾಣಿ ಟೋಕಿಯೊ ನಗರವನ್ನು ಸುಡುತ್ತದೆ. ನಿರ್ದೇಶಕ ಇಶಿರೊ ಹೊಂಡಾ ಸೈನಿಕರಾಗಿ ಚೀನಾದಲ್ಲಿದ್ದು, ಯುದ್ಧ ಮುಗಿದ ಮೇಲೆ ಊರಿಗೆ ಮರಳುವಾಗ ಹಿರೋಷಿಮಾದ ಹಾಳನ್ನು ಕಣ್ಣಾರೆ ಕಂಡವರು.

ಎಂಟು ವರ್ಷದಲ್ಲಿ ಕಾಲ ಬದಲಾಗಿತ್ತು. ತೋಹೊ ತನ್ನ 30ನೇ ವರ್ಷದ ಸಂಭ್ರಮಕ್ಕೆ ದೊಡ್ಡದೇನನ್ನಾದರೂ ಮಾಡಬೇಕೆಂದು ಯೋಚಿಸುತ್ತಿದ್ದಾಗ ಅಮೆರಿಕದಿಂದ ಒಂದು ಕತೆ ಬಂತು. 1933ರ ಮೂಲ ‘ಕಿಂಗ್ ಕಾಂಗ್’ಗೆ ಜೀವ ತುಂಬಿದ ತಂತ್ರಜ್ಞ ವಿಲ್ಲಿಸ್ ಓಬ್ರಿಯನ್ ತಮ್ಮ ಇಳಿವಯಸ್ಸಿನಲ್ಲಿ ಕಾಂಗ್ ಮತ್ತು ಫ್ರಾಂಕೆನ್‌ಸ್ಟೈನ್ ದೈತ್ಯರ ಕಾಳಗದ ಕತೆಯೊಂದನ್ನು ಹೆಣೆದಿದ್ದರು. ಅದು ಜಾನ್ ಬೆಕ್ ಎಂಬ ನಿರ್ಮಾಪಕರ ಮೂಲಕ ಕೈದಾಟಿ ಜಪಾನ್ ತಲುಪಿತು. ತೋಹೊ ಫ್ರಾಂಕೆನ್‌ಸ್ಟೈನ್‌ನನ್ನು ತೆಗೆದುಹಾಕಿ ಆ ಜಾಗದಲ್ಲಿ ತನ್ನ ಗಾಡ್ಜಿಲ್ಲಾನನ್ನು ನಿಲ್ಲಿಸಿತು. ಕಾಂಗ್‌ನ ಹೆಸರು ಬಳಸಲು ಅಮೆರಿಕದ ಆರ್‌ಕೆಓ ಸಂಸ್ಥೆಗೆ 2 ಲಕ್ಷ ಡಾಲರ್ ತೆತ್ತಿತು. ಓಬ್ರಿಯನ್‌ಗೆ ಇದರಲ್ಲಿ ಏನೂ ದಕ್ಕಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಚಿತ್ರದಲ್ಲಿ ಕಾಂಗ್‌ಗೆ ಸಿಡಿಲು ಬಡಿದರೆ ಬಲ ಬರುತ್ತದೆಯಲ್ಲ, ಅದು ಮೂಲ ಕತೆಯ ಫ್ರಾಂಕೆನ್‌ಸ್ಟೈನ್ ಬಿಟ್ಟುಹೋದ ಗುರುತು ಎಂದು ಊಹಿಸುವವರಿದ್ದಾರೆ.

ದೈತ್ಯರಿಬ್ಬರೂ ಬಣ್ಣದಲ್ಲಿ ಮತ್ತು ಅಗಲ ಪರದೆಯಲ್ಲಿ ಕಾಣಿಸಿಕೊಂಡದ್ದು ಇದೇ ಮೊದಲು. ಗಾಡ್ಜಿಲ್ಲಾ ವೇಷದೊಳಗೆ ಇದ್ದವರು ಮೊದಲ ಚಿತ್ರದಿಂದಲೂ ಆ ಭಾರ ಹೊತ್ತ ಹರುವೊ ನಕಾಜಿಮಾ, ಕಾಂಗ್ ವೇಷದೊಳಗೆ ಶೋಯಿಚಿ ಹಿರೋಸೆ. ಕಾಂಗ್‌ನ ವೇಷ ಚೆನ್ನಾಗಿಲ್ಲ ಎಂಬುದನ್ನು ಅಭಿಮಾನಿಗಳೂ ಒಪ್ಪುತ್ತಾರೆ. ಹಳೆಯ ಕಂಬಳಿ ಹೊದ್ದವನಂತೆ ಕಾಣುತ್ತಾನೆ ಆತ. ಆದರೆ ವಿಶೇಷ ದೃಶ್ಯಗಳ ನಿರ್ದೇಶಕ ಐಜಿ ತ್ಸುಬುರಾಯಾಗೆ ಈ ಸಲ ಬೇಕಿದ್ದದ್ದು ಭಯವಲ್ಲ, ಕುಸ್ತಿ. ಮಕ್ಕಳು ನಗಬೇಕು, ಶಿಳ್ಳೆ ಹಾಕಬೇಕು ಎಂಬುದು ಅವರ ಇಷ್ಟ. ಹೊಂಡಾಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ.

ಕುಸ್ತಿಯ ಮಾತು ಸುಮ್ಮನೆ ಬಂದದ್ದಲ್ಲ. ಜಪಾನಿನಲ್ಲಿ ಟೆಲಿವಿಷನ್ ಮನೆಮಾತಾಗುವಂತೆ ಮಾಡಿದ್ದರಲ್ಲಿ ರಿಕಿಡೊಝಾನ್ ಎಂಬ ಪೈಲ್ವಾನನ ಕುಸ್ತಿಗಳದು ದೊಡ್ಡ ಪಾಲು. ಬೀದಿಯಲ್ಲಿಟ್ಟ ಟೆಲಿವಿಷನ್ ಪೆಟ್ಟಿಗೆಗಳ ಮುಂದೆ ಸಾವಿರಾರು ಜನ ನಿಂತು ನೋಡುತ್ತಿದ್ದರು. 1955ರಲ್ಲಿ ಏಷ್ಯಾ ಮಟ್ಟದ ಪ್ರಶಸ್ತಿಗಾಗಿ ರಿಕಿಡೊಝಾನ್ ಸೋಲಿಸಿದ ಎದುರಾಳಿಯ ಅಖಾಡದ ಹೆಸರೂ ಕಿಂಗ್ ಕಾಂಗ್ ಎಂದೇ. ದಾರಾ ಸಿಂಗ್ ಜೊತೆ ಸೆಣಸಿ ಭಾರತದಲ್ಲೂ ಹೆಸರಾಗಿದ್ದ ಅದೇ ಭಾರಿ ಆಳು.

ಹೊಂಡಾ ಮತ್ತು ಚಿತ್ರಕತೆಗಾರ ಶಿನಿಚಿ ಸೆಕಿಜಾವಾ ತಮ್ಮ ಪಾಲಿನ ಮಾತನ್ನು ಬೇರೆ ಕಡೆ ಆಡಿದರು. 1962ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಟೆಲಿವಿಷನ್ ಇಟ್ಟುಕೊಂಡ ಮನೆಗಳ ಸಂಖ್ಯೆ ಒಂದು ಕೋಟಿ ದಾಟಿತ್ತು. ನೋಡುಗರ ಲೆಕ್ಕಕ್ಕಾಗಿ ಪ್ರಾಯೋಜಕರು ಏನು ಬೇಕಾದರೂ ಮಾಡುವ ಕಾಲ ಅದು. ಟಾಕೊ ಪಾತ್ರದಲ್ಲಿ ಹಾಸ್ಯನಟ ಇಚಿರೊ ಅರಿಶಿಮಾ ಮಾಡುವುದೆಲ್ಲ ಅದರ ಗೇಲಿ. ದೇಶಕ್ಕೆ ಗಂಡಾಂತರ ಬಂದು ನಿಂತಿದ್ದರೂ ಪತ್ರಿಕೆಗಳಲ್ಲಿ ಕಾಂಗ್‌ಗಿಂತ ಗಾಡ್ಜಿಲ್ಲಾನಿಗೆ ಹೆಚ್ಚು ಜಾಗ ಸಿಕ್ಕಿತಲ್ಲ ಎಂಬ ಹೊಟ್ಟೆಯುರಿ ಅವನದು. ದೈತ್ಯರ ಕಾಳಗವನ್ನು ತೆಗೆದಿಟ್ಟು ನೋಡಿದರೂ ಈ ಭಾಗ ಇಂದಿಗೂ ನಗಿಸುತ್ತದೆ. ಇಷ್ಟೂ ಚಾನೆಲ್‌ಗಳ ನಡುವೆ ಕೂತು ನೋಡುವವರಿಗೆ ಇನ್ನೂ ಸ್ವಲ್ಪ ಹೆಚ್ಚೇ ನಗು ಬಂದೀತು.

ಮಕ್ಕಳ ರಜೆಗಾಗಿ

ಗೇಲಿ ಮಾಡಿದ ಟೆಲಿವಿಷನ್ ಸೇಡು ತೀರಿಸಿಕೊಂಡಿತು ಎನ್ನಬೇಕು. 1958ರಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ 112 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾಗಿದ್ದವು. 1970ರಲ್ಲಿ ಆ ಸಂಖ್ಯೆ 25 ಕೋಟಿಗೆ ಇಳಿದಿತ್ತು. ದೊಡ್ಡವರು ಮನೆಯಲ್ಲೇ ಕೂತರು. ಶಾಲಾ ರಜೆಯಲ್ಲಿ ಬರುವ ಮಕ್ಕಳನ್ನಾದರೂ ಹಿಡಿದಿಟ್ಟುಕೊಳ್ಳೋಣವೆಂದು ತೋಹೊ 1969ರ ಡಿಸೆಂಬರ್‌ನಲ್ಲಿ ‘ಚಾಂಪಿಯನ್ ಮಾತ್ಸುರಿ’ ಎಂಬ ಉತ್ಸವ ಶುರು ಮಾಡಿತು. ಮಾತ್ಸುರಿ ಎಂದರೆ ಹಬ್ಬ, ಜಾತ್ರೆ. ಒಂದು ದೈತ್ಯ ಚಿತ್ರ, ಜೊತೆಗೆ ಕೆಲವು ಕಾರ್ಟೂನು, ಟೆಲಿವಿಷನ್ ಸರಣಿಯ ಕಂತು, ಎಲ್ಲ ಸೇರಿ ಒಂದೇ ಟಿಕೆಟ್. ಪ್ರತಿಸಲ ಹೊಸ ಚಿತ್ರ ಮಾಡುವ ಹಣ ಇರಲಿಲ್ಲ. ಹಳೆಯದನ್ನೇ ಹೊರತೆಗೆದು, ಮಕ್ಕಳ ತಾಳ್ಮೆಗೆ ತಕ್ಕಂತೆ ಮೊಟಕುಗೊಳಿಸಿ ಬಿಡುವುದೆಂದಾಯಿತು.

1970ರ ವಸಂತ ರಜೆಯ ಹಬ್ಬಕ್ಕೆ ಆರಿಸಿದ್ದು ‘ಕಿಂಗ್ ಕಾಂಗ್ ವಿರುದ್ಧ ಗಾಡ್ಜಿಲ್ಲಾ’. 97 ನಿಮಿಷದ ಚಿತ್ರವನ್ನು ಹೊಂಡಾ ಸ್ವತಃ ಕೂತು 74 ನಿಮಿಷಕ್ಕೆ ಇಳಿಸಿದರು. ಮಕ್ಕಳಿಗೆ ಬೇಕಿದ್ದದ್ದು ದೈತ್ಯರು. ಹೋದದ್ದು ಮನುಷ್ಯರ ಮಾತುಕತೆ, ಕಚೇರಿಯ ಹಾಸ್ಯ, ಕತೆ ನಿಧಾನವಾಗಿ ಕೂಡಿಕೊಳ್ಳುವ ಭಾಗಗಳು. ಆ ವರ್ಷ ಜನವರಿ 25ರಂದು ತ್ಸುಬುರಾಯಾ ತೀರಿಕೊಂಡಿದ್ದರು. ಹದಿನೈದಕ್ಕೂ ಹೆಚ್ಚು ವರ್ಷ ಜೊತೆಯಾಗಿ ದುಡಿದ ಗೆಳೆಯ ಇಲ್ಲವಾದ ಕೆಲವೇ ವಾರಗಳಲ್ಲಿ ಇಬ್ಬರೂ ಸೇರಿ ಮಾಡಿದ್ದ ಚಿತ್ರದ ಮೊಟಕು ರೂಪ ಮಕ್ಕಳ ಮುಂದೆ ಬಂತು.

ಮೊಟಕುಗೊಳಿಸಿದ್ದೇ ತಪ್ಪು ಎನ್ನುವಂತಿಲ್ಲ. ಕತ್ತರಿ ಬಿದ್ದ ಜಾಗ ಯಾವುದು ಎಂಬುದು ಇಲ್ಲಿ ಮುಖ್ಯ.

ಸಿನಿಮಾ ಕ್ಯಾಮೆರಾದೊಳಗೆ ಓಡುವ ಫಿಲಂ ನೆಗೆಟಿವ್. ಚಿತ್ರೀಕರಣ ಮುಗಿದು ಸಂಕಲನವಾದ ಮೇಲೆ ಆ ನೆಗೆಟಿವನ್ನು ಕತ್ತರಿಸಿ ಅಂಟಿಸಿ ಚಿತ್ರದ ಕ್ರಮಕ್ಕೆ ಜೋಡಿಸುತ್ತಾರೆ. ಚಿತ್ರಮಂದಿರಗಳಿಗೆ ಹೋಗುವ ಪ್ರಿಂಟುಗಳೆಲ್ಲ ಅದರಿಂದ ನೇರವಾಗಿ ಅಥವಾ ಅದರ ನಕಲಿನಿಂದ ತಯಾರಾಗುತ್ತವೆ. ಪ್ರಿಂಟು ಗೀರಿದರೆ, ಹರಿದರೆ, ಬಣ್ಣ ಮಾಸಿದರೆ ಇನ್ನೊಂದು ಪ್ರಿಂಟು ತೆಗೆಯಬಹುದು. ನೆಗೆಟಿವ್ ಮಾತ್ರ ಒಂದೇ. ಪ್ರಿಂಟನ್ನು ಕತ್ತರಿಸಿದ್ದರೆ ಯಾವ ಹಾನಿಯೂ ಆಗುತ್ತಿರಲಿಲ್ಲ. ನಕಲು ನೆಗೆಟಿವ್ ಮಾಡಿಕೊಂಡು ಅದನ್ನು ಕತ್ತರಿಸಿದ್ದರೂ ಆಗುತ್ತಿತ್ತು, ಖರ್ಚು ಸ್ವಲ್ಪ ಹೆಚ್ಚು ಅಷ್ಟೆ. ಆದರೆ 1970ರಲ್ಲಿ ಕತ್ತರಿ ಹಾಕಿದ್ದು ಮೂಲ ನೆಗೆಟಿವ್‌ಗೆ. ತೆಗೆದುಹಾಕಿದ ತುಂಡುಗಳು ಮತ್ತೆ ಸಿಗಲಿಲ್ಲ.

ಇಂದು ಕೇಳಿದರೆ ಇದು ಹುಚ್ಚುತನ ಎನಿಸುತ್ತದೆ. ಆದರೆ ವಿಡಿಯೋ ಕ್ಯಾಸೆಟ್ ಇಲ್ಲದ ಆ ದಿನಗಳಲ್ಲಿ ಎಂಟು ವರ್ಷದ ಹಿಂದೆ ದುಡ್ಡು ಮಾಡಿ ಮುಗಿದ ಚಿತ್ರ ಉಗ್ರಾಣದ ಸಾಮಾನು ಅಷ್ಟೆ. ಅದನ್ನು ಇನ್ನೊಮ್ಮೆ ಯಾರಾದರೂ ಪೂರ್ತಿ ನೋಡಲು ಬಯಸಬಹುದು ಎಂಬ ಯೋಚನೆ ತೋಹೊಗೆ ಮಾತ್ರವಲ್ಲ, ಪ್ರಪಂಚದ ಬಹುಪಾಲು ಸ್ಟುಡಿಯೋಗಳಿಗೂ ಇರಲಿಲ್ಲ. ನಮ್ಮ ಪಾಡು ಇದಕ್ಕಿಂತ ಮೇಲೇನಲ್ಲ. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರಿಂಟೂ ಉಳಿದಿಲ್ಲ. ಗಾಡ್ಜಿಲ್ಲಾನನ್ನೇ ಹೋಲುವ ದೈತ್ಯನಿಟ್ಟು 1966ರಲ್ಲಿ ತಯಾರಾದ ‘ಗೊಗೊಲಾ’ ಎಂಬ ಹಿಂದಿ ಚಿತ್ರದ್ದೂ ಹಾಡುಗಳು ಉಳಿದವು, ಚಿತ್ರ ಕಳೆದುಹೋಯಿತು.

ತೇಪೆ ಹಾಕಿದ ಕ್ಯಾಸೆಟ್

ಎಂಬತ್ತರ ದಶಕದಲ್ಲಿ ಪರಿಸ್ಥಿತಿ ತಲೆಕೆಳಗಾಯಿತು. 1975ರಲ್ಲಿ ನಿಂತುಹೋಗಿದ್ದ ಗಾಡ್ಜಿಲ್ಲಾ ಸರಣಿ 1984ರಲ್ಲಿ ಮತ್ತೆ ಆರಂಭವಾಯಿತು. ಮನೆಮನೆಗೆ ವಿಡಿಯೋ ಬಂತು. 1962ರಲ್ಲಿ ಚಿಕ್ಕವರಾಗಿದ್ದವರು ಈಗ ದುಡಿಯುವವರು, ಬಾಲ್ಯದ ಚಿತ್ರವನ್ನು ಕೊಳ್ಳಲು ಸಿದ್ಧರಿದ್ದವರು. ತೋಹೊ ಉಗ್ರಾಣ ತೆರೆದು ನೋಡಿದರೆ ಇದ್ದದ್ದು 74 ನಿಮಿಷದ ನೆಗೆಟಿವ್.

ಪೂರ್ಣ ಚಿತ್ರದ ಒಂದೇ ಒಂದು ಕುರುಹು ಉಳಿದಿತ್ತು. ಬಾಡಿಗೆಗೆ ಕೊಡಲೆಂದು ಮಾಡಿದ್ದ 16 ಮಿಲಿಮೀಟರ್ ಫಿಲಂ. ನಮ್ಮ ಫಿಲಂ ಸೊಸೈಟಿಗಳ ಹಳೆಯ ಸದಸ್ಯರಿಗೆ ಈ ಪುಟ್ಟ ಗಾತ್ರದ ರೀಲುಗಳು ಚೆನ್ನಾಗಿ ಗೊತ್ತು. ಚಿತ್ರಮಂದಿರದ 35 ಮಿಲಿಮೀಟರ್ ಫಿಲಂನ ಒಂದು ಚೌಕಟ್ಟಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಕಾಲು ಭಾಗಕ್ಕೂ ಕಡಿಮೆ. ಅಷ್ಟೇ ಪ್ರಮಾಣದಲ್ಲಿ ವಿವರವೂ ಕಡಿಮೆ. ಸಾಲದ್ದಕ್ಕೆ ಆ ಕಾಲದ ಬಣ್ಣದ ಫಿಲಂಗಳಿಗೆ ಅಂಟಿದ ಶಾಪ ಇದಕ್ಕೂ ತಟ್ಟಿತ್ತು. ನೀಲಿ, ಹಸಿರು ಛಾಯೆಗಳು ಮಾಸಿ ಚಿತ್ರವೆಲ್ಲ ಕೆಂಪಗೆ ತಿರುಗುವುದು ಆ ಶಾಪ. ಮೈಮೇಲೆ ಗೀರುಗಳು ಬೇರೆ.

ತೋಹೊ ಬೇರೆ ದಾರಿ ಕಾಣದೆ ತೇಪೆ ಹಾಕಿತು. ಮೊಟಕು ಚಿತ್ರದ 35 ಮಿಲಿಮೀಟರ್ ಭಾಗಗಳ ನಡುವೆ ಕಳೆದುಹೋದ ದೃಶ್ಯಗಳನ್ನು 16 ಮಿಲಿಮೀಟರ್‌ನಿಂದ ತಂದು ಸೇರಿಸಿತು. ಕ್ಯಾಸೆಟ್ ಹಾಕಿಕೊಂಡು ಕೂತವರಿಗೆ ಒಂದು ಕ್ಷಣ ಸ್ವಚ್ಛ ಬಣ್ಣ, ಮರುಕ್ಷಣ ಮಸುಕು. ಯಾವ ದೃಶ್ಯವನ್ನು 1970ರಲ್ಲಿ ಕಿತ್ತರು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ!

ಆಮೇಲೆ ಪೂರ್ಣ ಚಿತ್ರದ 35 ಮಿಲಿಮೀಟರ್ ರೀಲೊಂದು ಸಿಕ್ಕಿತು. ಅದನ್ನು ಬಳಸಿ 1991ರಲ್ಲಿ ಲೇಸರ್ ಡಿಸ್ಕ್ ಹೊರಬಂತು. ಮೊದಲಿಗಿಂತ ಎಷ್ಟೋ ಮೇಲು. ಆದರೂ ಒಂದು ತೊಡಕು ಉಳಿಯಿತು. ಹೊಂಡಾ ಕೆಲವು ಕಡೆ ಇಡೀ ದೃಶ್ಯವನ್ನು ತೆಗೆಯದೆ ನಡುವಿನ ತುಂಡನ್ನಷ್ಟೇ ತೆಗೆದಿದ್ದರು. ನೆಗೆಟಿವನ್ನು ಕತ್ತರಿಸಿ ಅಂಟಿಸುವಾಗ ಅಂಚಿನ ಚೌಕಟ್ಟುಗಳು ಅಂಟಿಗೆ ಬಲಿಯಾಗುತ್ತವೆ. ಕಿತ್ತ ತುಂಡನ್ನು ಬೇರೆ ಮೂಲದಿಂದ ತಂದು ಮತ್ತೆ ಕೂರಿಸಿದರೂ ಆ ಒಂದೆರಡು ಚೌಕಟ್ಟು ಕಾಣೆ. ಮಾತಾಡುತ್ತಿದ್ದವನ ತಲೆ ತಟಕ್ಕನೆ ಜಿಗಿಯುತ್ತದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚೌಕಟ್ಟಿನಂತೆ, ಒಂದೆರಡು ಹೋದರೇನು ಎನ್ನಬಹುದು. ಆದರೆ ಕಣ್ಣು ಅದನ್ನು ಹಿಡಿದುಬಿಡುತ್ತದೆ.

2001ರ ಡಿವಿಡಿಗೂ ಬಹುಮಟ್ಟಿಗೆ ಅದೇ ಆಧಾರ. 2014ರ ಬ್ಲೂ-ರೇ ಬರುವಾಗ ಮೊಟಕು ನೆಗೆಟಿವ್‌ನ ಭಾಗವನ್ನು ಹೊಸದಾಗಿ, ಹೆಚ್ಚು ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಲಾಯಿತು. ಕಿತ್ತಿದ್ದ ದೃಶ್ಯಗಳು ಮಾತ್ರ ಹಳೆಯ ವಿಡಿಯೋ ಗುಣಮಟ್ಟದಲ್ಲೇ ಉಳಿದವು. ತೇಪೆಯ ಗುರುತು ಇನ್ನಷ್ಟು ಎದ್ದು ಕಂಡಿತು ಎಂದೇ ಹೇಳಬೇಕು. ಬಟ್ಟೆ ಹೊಸದಾದಷ್ಟೂ ತೇಪೆ ಹಳೆಯದಾಗಿ ಕಾಣುವುದು ಸಹಜ.

ಕೊನೆಗೆ ಪೂರ್ಣ ಚಿತ್ರವನ್ನು ಎಲ್ಲ ಭಾಗಗಳಲ್ಲೂ 35 ಮಿಲಿಮೀಟರ್ ಮೂಲದಿಂದಲೇ ಕಟ್ಟುವುದು ಸಾಧ್ಯವಾಯಿತು. 2016ರ ಜುಲೈ 14ರಂದು ಜಪಾನಿನ ‘ನಿಹೊನ್ ಎಇಗಾ ಸೆನ್ಮೊನ್’ ಎಂಬ ಸಿನಿಮಾ ಚಾನೆಲ್ ಅದನ್ನು 4ಕೆ ಮಟ್ಟದಲ್ಲಿ ಪ್ರಸಾರ ಮಾಡಿತು. 4ಕೆ ಎಂದರೆ ಪರದೆಯ ಅಡ್ಡಗಲಕ್ಕೆ ಸುಮಾರು ನಾಲ್ಕು ಸಾವಿರ ಚುಕ್ಕೆಗಳು. 2021ರಲ್ಲಿ ಇದು ಜಪಾನಿನಲ್ಲಿ ಡಿಸ್ಕ್ ರೂಪದಲ್ಲೂ ಮನೆಗಳಿಗೆ ಬಂತು. ಟೆಲಿವಿಷನ್ನಿಗೆ ಹೆದರಿ ಕತ್ತರಿಸಿದ ಚಿತ್ರ 46 ವರ್ಷದ ನಂತರ ಇಡಿಯಾಗಿ ಕಾಣಿಸಿದ್ದು ಟೆಲಿವಿಷನ್ನಿನಲ್ಲೇ. ಟಾಕೊ ಇದ್ದಿದ್ದರೆ ನೋಡುಗರ ಲೆಕ್ಕ ಕೇಳುತ್ತಿದ್ದ. ಹೊಂಡಾ 1993ರಲ್ಲೇ ತೀರಿಕೊಂಡಿದ್ದರು.

ಹೀಗೆ ಶುಚಿಗೊಳಿಸುವ ಕೆಲಸದಲ್ಲಿ ಒಂದು ಇಕ್ಕಟ್ಟಿದೆ. ದೈತ್ಯರನ್ನೂ ಓಡುವ ಜನರನ್ನೂ ಒಂದೇ ಚೌಕಟ್ಟಿಗೆ ತರಲು ಆಗ ಎರಡು ಫಿಲಂ ತುಂಡುಗಳನ್ನು ಒಂದರ ಮೇಲೊಂದಿಟ್ಟು ಮರುಮುದ್ರಿಸುತ್ತಿದ್ದರು. ಹೀಗೆ ಮುದ್ರಿಸುವಾಗ ಮೊದಲ ತುಂಡಿನ ಮೇಲಿದ್ದ ಧೂಳು, ಗೀರು ಎಲ್ಲವೂ ಅಚ್ಚಾಗಿ ಉಳಿಯುತ್ತಿತ್ತು. 1962ರ ಪ್ರೇಕ್ಷಕರು ನೋಡಿದ್ದೂ ಅದನ್ನೇ. ಅದನ್ನು ಅಳಿಸಬೇಕೆ, ಬಿಡಬೇಕೆ? ಆಟಿಕೆ ವಿಮಾನಗಳನ್ನು ತೂಗಿಬಿಟ್ಟ ತಂತಿ ಹಳೆಯ ಪರದೆಯಲ್ಲಿ ಮಬ್ಬಾಗಿ ಕರಗಿಹೋಗುತ್ತಿತ್ತು. ಹೊಸ ಸ್ಪಷ್ಟತೆಯಲ್ಲಿ ಅದು ಹೊಳೆಯುತ್ತದೆ. ಕಂಪ್ಯೂಟರ್‌ನಲ್ಲಿ ತಂತಿ ಅಳಿಸುವುದು ಇಂದು ಮಕ್ಕಳಾಟ. ಆದರೆ ಆಮೇಲೆ ಉಳಿಯುವುದು ತ್ಸುಬುರಾಯಾ ಮಾಡಿದ ಚಿತ್ರವೋ, ಅಳಿಸಿದವರು ಮಾಡಿದ್ದೋ? ಹಳೆಯ ಚಿತ್ರಗಳನ್ನು ಜತನ ಮಾಡುವವರಲ್ಲಿ ಹೆಚ್ಚಿನವರು ಕಾಲ ಮಾಡಿದ ಹಾನಿಯನ್ನು ತೆಗೆಯಬೇಕು, ಚಿತ್ರ ಹುಟ್ಟಿದಾಗಲೇ ಇದ್ದ ಕಲೆಯನ್ನು ಬಿಡಬೇಕು ಎನ್ನುತ್ತಾರೆ. ಕಾಂಗ್‌ನ ಕಂಬಳಿ ವೇಷದ ಒಂದೊಂದು ಕೂದಲೂ ಈಗ ಎಣಿಸುವಂತೆ ಕಾಣುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ದ್ವೀಪದಲ್ಲಿ ಗುಡಿಸಲುಗಳ ಮೇಲೆ ಏರಿಬರುವ ಅಷ್ಟಪಾದಿಯ ದೃಶ್ಯಕ್ಕಂತೂ ಸ್ಪಷ್ಟತೆಯಿಂದ ಲಾಭವೇ ಆಗಿದೆ. ಅದಕ್ಕೆ ಬಳಸಿದ್ದು ಜೀವಂತ ಅಷ್ಟಪಾದಿಗಳನ್ನು. ಬೇಕಾದಂತೆ ಹರಿದಾಡಿಸಲು ಅವುಗಳ ಮೇಲೆ ಬಿಸಿಗಾಳಿ ಊದುತ್ತಿದ್ದರಂತೆ. ಚಿತ್ರೀಕರಣ ಮುಗಿದ ಮೇಲೆ ಅವುಗಳಲ್ಲೊಂದು ತ್ಸುಬುರಾಯಾ ಅವರ ರಾತ್ರಿಯೂಟಕ್ಕೆ ಆಯಿತು ಎಂಬ ಕತೆಯೂ ಇದೆ.

ಗೆದ್ದವರು ಯಾರು?

ಜಪಾನಿನ ಹೊರಗೆ ಈ ಚಿತ್ರ ಕಂಡದ್ದು ಬೇರೆಯದೇ ರೂಪದಲ್ಲಿ. 1963ರಲ್ಲಿ ಯೂನಿವರ್ಸಲ್ ಸಂಸ್ಥೆ ಬಿಡುಗಡೆ ಮಾಡಿದ 91 ನಿಮಿಷದ ಅಮೆರಿಕನ್ ಆವೃತ್ತಿಯಲ್ಲಿ ಟಾಕೊನ ಹಾಸ್ಯ ಕರಗಿ, ಅದರ ಜಾಗದಲ್ಲಿ ವಿಶ್ವಸಂಸ್ಥೆಯ ಸುದ್ದಿವಾಚಕನೊಬ್ಬ ಕೂತು ನಡೆದದ್ದನ್ನೆಲ್ಲ ವಿವರಿಸುತ್ತಾನೆ. ಅಕಿರಾ ಇಫುಕುಬೆ ಅವರ ಸಂಗೀತವನ್ನು ಬಹುಪಾಲು ತೆಗೆದು ಯೂನಿವರ್ಸಲ್‌ನ ಹಳೆಯ ಚಿತ್ರಗಳ ಸಂಗೀತ ತುಂಬಿದರು. ಕೊನೆಯಲ್ಲಿ ಭೂಕಂಪ ಇನ್ನಷ್ಟು ಭೀಕರವಾಗಲೆಂದು ತೋಹೊದ್ದೇ ಇನ್ನೊಂದು ಚಿತ್ರ, 1957ರ ‘ಮಿಸ್ಟೀರಿಯನ್ಸ್’ನಿಂದ ದೃಶ್ಯಗಳನ್ನು ತಂದು ಸೇರಿಸಿದರು. ಪಶ್ಚಿಮದವರು ದಶಕಗಳ ಕಾಲ ನೋಡಿದ್ದು ಇದನ್ನೇ. ಜಪಾನಿ ಮೂಲ ಅಮೆರಿಕದಲ್ಲಿ ಅಧಿಕೃತವಾಗಿ ಡಿಸ್ಕ್ ಮೇಲೆ ಸಿಕ್ಕಿದ್ದು 2019ರಲ್ಲಿ. ಕ್ರೈಟೀರಿಯನ್ ಸಂಸ್ಥೆ 15 ಗಾಡ್ಜಿಲ್ಲಾ ಚಿತ್ರಗಳನ್ನು ಒಟ್ಟಿಗೆ ತಂದಾಗ ಅಮೆರಿಕನ್ ಆವೃತ್ತಿಯೇ ಮುಖ್ಯ ಚಿತ್ರವಾಯಿತು. ಹೊಂಡಾ ಮಾಡಿದ್ದು ಹೆಚ್ಚುವರಿ ಸಾಮಗ್ರಿಗಳ ಸಾಲಿಗೆ ಸೇರಿತು!

ಮೂಲ ಕಾಣಸಿಗದಿದ್ದಾಗ ಹುಟ್ಟುವುದು ಗಾಳಿಸುದ್ದಿ. ಈ ಚಿತ್ರಕ್ಕೆ ಎರಡು ಅಂತ್ಯಗಳಿವೆ, ಅಮೆರಿಕದಲ್ಲಿ ಕಾಂಗ್ ಗೆಲ್ಲುತ್ತಾನೆ, ಜಪಾನಿನಲ್ಲಿ ಗಾಡ್ಜಿಲ್ಲಾ ಗೆಲ್ಲುತ್ತಾನೆ ಎಂಬ ಮಾತು ಅಮೆರಿಕದ ದೈತ್ಯಚಿತ್ರ ಪತ್ರಿಕೆಗಳಿಂದ ಹೊರಟು ತಲೆಮಾರುಗಳವರೆಗೆ ನಿಜವೆಂದೇ ಚಲಾವಣೆಯಲ್ಲಿತ್ತು. ಕೇಳಲು ಎಷ್ಟು ನ್ಯಾಯವಾಗಿದೆ! ಅವರವರ ಊರಿನ ಪೈಲ್ವಾನನಿಗೆ ಅವರವರ ಊರಲ್ಲಿ ಗೆಲುವು. ಆದರೆ ಅದು ಸುಳ್ಳು. ಎರಡು ಆವೃತ್ತಿಗಳಲ್ಲೂ ದೈತ್ಯರು ತಬ್ಬಿಕೊಂಡು ನೀರಿಗೆ ಬೀಳುತ್ತಾರೆ, ಮೇಲೆ ಬಂದು ಈಜುತ್ತ ತನ್ನ ದ್ವೀಪದತ್ತ ಹೊರಡುವವನು ಕಾಂಗ್ ಒಬ್ಬನೇ. ಗಾಡ್ಜಿಲ್ಲಾ ಕಾಣುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ಕಣ್ಣಿಗಲ್ಲ, ಕಿವಿಗೆ. ಅಮೆರಿಕನ್ ಆವೃತ್ತಿಯ ಕೊನೆಯಲ್ಲಿ ಕೇಳುವುದು ಕಾಂಗ್‌ನ ಕೂಗು ಒಂದೇ. ಜಪಾನಿ ಮೂಲದಲ್ಲಿ ಖಾಲಿ ಸಮುದ್ರದ ಮೇಲೆ ಎರಡು ಘರ್ಜನೆಗಳು ಕೇಳಿಬರುತ್ತವೆ.